ಚೆಂಡಕ್ಕನ ಹೊಟ್ಟೆಕಿಚ್ಚು

ಚೆಂಡಕ್ಕನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂಬುದು ಇಡೀ ಓಣಿಗೆ ಗೊತ್ತಿದ್ದ ಸಂಗತಿ. ಎದುರುಮನೆಯವರು ಹೊಸ ಬಕೆಟ್ ತಂದರೆ ಇವಳಿಗೆ ತನ್ನ ಬಕೆಟ್ಟಿನ ಬಿರುಕು ಕಾಣುತ್ತಿತ್ತು. ನಾದಿನಿಯ ಕೂದಲು ಇನ್ನೂ ಕಪ್ಪಗಿದೆ ಎಂದು ಯಾರಾದರೂ ಅಂದರೆ, "ಕೆಲಸ ಇಲ್ಲದೋರ ಕೂದಲು ಯಾಕೆ ಬೆಳ್ಳಗಾಗುತ್ತೆ?" ಎಂದು ಥಟ್ಟನೆ ಉತ್ತರ ಬರುತ್ತಿತ್ತು. ಅದನ್ನೆಲ್ಲ ಓಣಿಯವರು ನಕ್ಕು ಮರೆಯುತ್ತಿದ್ದರು. ಆದರೆ ಅವಳ ನಿಜವಾದ ಹೊಟ್ಟೆಕಿಚ್ಚು ಯಾರ ಮೇಲೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದು ಅವಳು ಹೆತ್ತ ಮಗಳ ಮೇಲೆ.

ತಾಯಿಗೆ ಮಗಳ ಮೇಲೆ ಹೊಟ್ಟೆಕಿಚ್ಚೇ, ಛೆ, ಇಂಥದ್ದನ್ನೆಲ್ಲ ಹೇಳಬಾರದು ಎನ್ನುವವರಿದ್ದಾರೆ. ಹಾಗೆನ್ನುವವರು ಏಳನೆಯ ವಯಸ್ಸಿಗೇ ಚೆಂಡು ಹೊಲಿಯಲು ಕೂತವರಲ್ಲ.

ಚೆಂಡು ಎಂದರೆ ಕಾಲಿನಲ್ಲಿ ಒದೆಯುವ ಚೆಂಡು. ಐದು ಮೂಲೆಯ ತುಂಡುಗಳು, ಆರು ಮೂಲೆಯ ತುಂಡುಗಳು ಮೂಟೆಯಲ್ಲಿ ಬರುತ್ತವೆ. ಎರಡು ತುಂಡುಗಳ ಅಂಚನ್ನು ಕೂಡಿಸಿ, ಮಂಡಿಗಳ ನಡುವೆ ಹಿಡಿದ ಮರದ ಇಕ್ಕಳಕ್ಕೆ ಸಿಕ್ಕಿಸಬೇಕು. ಮೇಣ ಹಚ್ಚಿದ ದಾರದ ಎರಡು ತುದಿಗೂ ಸೂಜಿ. ಒಂದು ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಒಂದೇ ತೂತಿನಲ್ಲಿ ಹಾಯ್ದು ಬಂದ ಮೇಲೆ ಎರಡೂ ಕೈ ಚಾಚಿ ದಾರ ಬಿಗಿಯಬೇಕು. ಬಿಗಿಯುವಾಗ ದಾರ ಬೆರಳನ್ನು ಕೊಯ್ಯುತ್ತದೆ. ಅದಕ್ಕೆಂದೇ ಹಳೆಯ ಸೈಕಲ್ ಟ್ಯೂಬನ್ನು ಉಂಗುರದಂತೆ ಕತ್ತರಿಸಿ ಬೆರಳಿಗೆ ಹಾಕಿಕೊಳ್ಳುತ್ತಾರೆ. ಮಕ್ಕಳ ಬೆರಳಿಗೆ ಆ ಉಂಗುರ ಸಡಿಲವಾಗಿ ಜಾರಿ ಬೀಳುತ್ತದೆ. ಹಾಗಾಗಿ ಮಕ್ಕಳು ಬರಿಗೈಯಲ್ಲೇ ಹೊಲಿಯುತ್ತಾರೆ.

ಚೆಂಡಕ್ಕನನ್ನು ಅವಳಪ್ಪ ಕೈಹಿಡಿದು ಕರೆದುಕೊಂಡು ಹೋಗಿ ತಗಡಿನ ಶೆಡ್ಡಿನಲ್ಲಿ ಕೂರಿಸಿದ್ದ. ಅಲ್ಲಿ ಅವಳಂಥ ಮಕ್ಕಳು ಸಾಲಾಗಿ ಕೂತಿದ್ದರು. ಅಧಿಕಾರಿಗಳ ಜೀಪು ಬಂದರೆ ಏನು ಹೇಳಬೇಕು ಎಂಬುದನ್ನು ಹೊಲಿಗೆಗಿಂತ ಮೊದಲೇ ಕಲಿಸಿದ್ದರು: "ನಾನು ಕೆಲಸ ಮಾಡಲ್ಲ, ಅಮ್ಮಂಗೆ ಊಟ ತಂದಿದೀನಿ." ಒಂದು ಸಲ ಹಾಗೆ ಎಲ್ಲ ಮಕ್ಕಳೂ ಊಟ ತಂದವರಾಗಿ ಎದ್ದು ನಿಂತರು. ಒಬ್ಬರ ಕೈಯಲ್ಲೂ ಡಬ್ಬಿ ಇರಲಿಲ್ಲ. ಆ ಅಧಿಕಾರಿಗೆ ಅದೇನು ಕೋಪ ಬಂತೋ, ಶೆಡ್ಡಿಗೆ ಬೀಗ ಹಾಕಿಸಿಯೇ ಬಿಟ್ಟರು. ಮಕ್ಕಳನ್ನು ಶೆಡ್ಡಿನಲ್ಲಿ ದುಡಿಸುವುದು ಅಪರಾಧ ಎಂದು ಓಣಿ ಓಣಿಯಲ್ಲಿ ಧ್ವನಿವರ್ಧಕ ಕೂಗಿತು.

ಮರುದಿನ ಅವಳು ಬೇಗ ಎದ್ದು ತಲೆ ಬಾಚಿಕೊಂಡು ಹೊಸ್ತಿಲ ಮೇಲೆ ಕೂತಳು. ಇನ್ನು ಯಾರೋ ಬಂದು ಶಾಲೆಗೆ ಕರೆದುಕೊಂಡು ಹೋಗುತ್ತಾರೆ ಎಂದು ಅವಳ ಲೆಕ್ಕ. ಬಂದವನು ಶೆಡ್ಡಿನಲ್ಲಿ ಕೆಲಸ ಹಂಚುತ್ತಿದ್ದ ಮೇಸ್ತ್ರಿ. ಸೈಕಲ್ಲಿನ ಹಿಂದೆ ಅದೇ ಮೂಟೆ, ಅದೇ ಇಕ್ಕಳ. ಮನೆಯಲ್ಲಿ, ಅಪ್ಪ ಅಮ್ಮನ ಜೊತೆ ಕೂತು ಹೊಲಿದರೆ ತಪ್ಪಿಲ್ಲವಂತೆ. ಬೀಗ ಬಿದ್ದದ್ದು ಶೆಡ್ಡಿಗೆ ಮಾತ್ರ, ಕೆಲಸಕ್ಕಲ್ಲ. ಅಂಥ ಕಾನೂನನ್ನು ಬರೆದ ಮಹಾನುಭಾವರು ಯಾರೋ ಗೊತ್ತಿಲ್ಲ, ಅವರ ಮನೆಯಲ್ಲಂತೂ ಯಾರೂ ಚೆಂಡು ಹೊಲಿಯುತ್ತಿರಲಿಲ್ಲ.

ಹೀಗೆ ಬೆಳೆದವಳಿಗೆ ಅಭಿಮಾನ ಪಡಲು ಒಂದೇ ಒಂದು ವಿಷಯವಿತ್ತು. ಅದು ಮುಚ್ಚುವ ಹೊಲಿಗೆ. ಚೆಂಡನ್ನು ಒಳಮೈ ಹೊರಗೆ ಮಾಡಿ ಹೊಲಿಯುತ್ತಾರೆ. ಮುಗಿಯುತ್ತ ಬಂದಾಗ ತಿರುವಿ, ಒಳಗೆ ಗಾಳಿ ತುಂಬುವ ರಬ್ಬರ್ ಚೀಲ ಇಟ್ಟು, ಉಳಿದ ಸೀಳನ್ನು ಹೊರಗಿನಿಂದಲೇ ಮುಚ್ಚಬೇಕು. ಆಗ ಸೂಜಿಯ ಮೊನೆ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. ಸ್ವಲ್ಪ ಆಚೀಚೆಯಾದರೆ ಸೂಜಿ ರಬ್ಬರಿಗೆ ತಾಗಿ ಚೆಂಡು ಕೆಟ್ಟಂತೆ. ಗಂಟನ್ನೂ ಒಳಕ್ಕೆ ಎಳೆದು ಅಡಗಿಸಬೇಕು. ಚೆಂಡಕ್ಕ ಮುಚ್ಚಿದ ಚೆಂಡಿನ ಮೇಲೆ ಮೇಸ್ತ್ರಿ ಹೆಬ್ಬೆರಳು ಆಡಿಸಿ ಆಡಿಸಿ ಸೋಲುತ್ತಿದ್ದ. "ಒಳಗೆ ಕೂತು ಹೊಲಿದ್ರಿ, ಸರಿ. ಆಮೇಲೆ ಹೊರಗೆ ಹೇಗೆ ಬಂದ್ರಿ ಚೆಂಡಕ್ಕ?" ಎಂದು ಪ್ರತಿ ಸಲವೂ ಅದೇ ತಮಾಷೆ. ಪ್ರತಿ ಸಲವೂ ಅವಳು ಹೊಸದಾಗಿ ಕೇಳಿದವಳಂತೆ ನಗುತ್ತಿದ್ದಳು. ಆ ಹೆಸರು ಇಟ್ಟವನೂ ಅವನೇ.

ಮಗಳು ಹುಟ್ಟಿದಾಗ ಚೆಂಡಕ್ಕ ಆಣೆ ಇಟ್ಟಂತೆ ಹೇಳಿದ್ದಳು, ಇವಳ ಕೈಗೆ ಇಕ್ಕಳ ಕೊಡುವುದಿಲ್ಲ ಎಂದು. ಕೊಡಲೂ ಇಲ್ಲ. ಹುಡುಗಿಯನ್ನು ಮನೆಯಲ್ಲಿ ಚೂಟಿ ಎಂದು ಕರೆಯುತ್ತಿದ್ದರು. ಚೂಟಿ ಶಾಲೆಗೆ ಹೋದಳು, ಓದಿದಳು, ಎರಡು ಜಡೆ ಹಾರಿಸಿಕೊಂಡು ಓಣಿಯ ತುದಿಯಿಂದಲೇ ಕೂಗುತ್ತ ಬಂದಳು. ತಾಯಿಗೆ ಇದರಿಂದ ಸಂತೋಷವಾಗಬೇಕಿತ್ತು. ಆಗುತ್ತಲೂ ಇತ್ತು. ಆದರೆ ಸಂತೋಷದ ಹಿಂದೆಯೇ ಇನ್ನೊಂದು ಬಂದು ಕೂರುತ್ತಿತ್ತು. ಮಗಳು ಮೈಮರೆತು ಬಾಯಿ ತೆರೆದು ಮಲಗಿರುವುದನ್ನು ನೋಡಿದರೆ, ತನ್ನನ್ನು ಈ ವಯಸ್ಸಿನಲ್ಲಿ ಯಾರೂ ಹೀಗೆ ಮಲಗಲು ಬಿಡಲಿಲ್ಲವಲ್ಲ ಎನಿಸುತ್ತಿತ್ತು. ಪೆನ್ಸಿಲ್ ಹಿಡಿದ ಆ ಬೆರಳುಗಳು ಎಷ್ಟು ನುಣುಪು! ತನ್ನ ಬೆರಳನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ಮನೆಯವೆಂದು ಹೇಳುವಂತಿರಲಿಲ್ಲ. ಅನ್ನ ಹಾಕಿ ಬೆಳೆಸುತ್ತಿರುವುದು ತಾನು, ಸುಖಪಡುತ್ತಿರುವುದು ಇವಳು ಎಂದು ಒಳಗೊಳಗೇ ಕುದಿಯುತ್ತಿದ್ದಳು. ಕುದಿದದ್ದಕ್ಕೆ ನಾಚಿಕೆಯಾಗಿ ಮಗಳಿಗೆ ಒಂದು ತುತ್ತು ಹೆಚ್ಚು ಬಡಿಸುತ್ತಿದ್ದಳು.

ಕಡೆಗೂ ಅದು ಕಟ್ಟೆಯೊಡೆದದ್ದು ಒಂದು ರಜೆಯ ದಿನ. ಚೂಟಿಗೆ ಆಗ ಹನ್ನೊಂದು ತುಂಬಿತ್ತು. ನೆಲದ ಮೇಲೆ ಅಂಗಾತ ಮಲಗಿ, ಕಾಲನ್ನು ಗೋಡೆಗೆ ಒರಗಿಸಿ, "ಅಮ್ಮಾ, ಬೇಜಾರಾಗ್ತಿದೆ" ಎಂದಳು.

ಬೇಜಾರು! ಚೆಂಡಕ್ಕನ ಕೈ ನಿಂತುಹೋಯಿತು. ತನ್ನ ಇಡೀ ಬಾಲ್ಯದಲ್ಲಿ ಬೇಜಾರಾಗುವುದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ. ಇವಳಿಗೆ ಮಲಗಿಕೊಂಡು ಬೇಜಾರು!

"ಬೇಜಾರಾ? ಬಾ ಇಲ್ಲಿ. ಬೇಜಾರು ಕಳೀತೀನಿ" ಎಂದು ಹಳೆಯ ಇಕ್ಕಳವೊಂದನ್ನು ಎಳೆದು ಮಗಳ ಮಂಡಿಗಳ ನಡುವೆ ಇಟ್ಟಳು.

ಹುಡುಗಿ ಅಳುತ್ತಾಳೆ, ಒಂದು ಗಂಟೆಯಲ್ಲಿ ಓಡಿಹೋಗುತ್ತಾಳೆ, ಅಷ್ಟರಮಟ್ಟಿಗೆ ತನ್ನ ಕಷ್ಟ ಗೊತ್ತಾಗುತ್ತದೆ ಎಂದುಕೊಂಡಿದ್ದಳು. ಹುಡುಗಿ ಓಡಲಿಲ್ಲ. ಬೆರಳು ಕೊಯ್ದಾಗ ಬಾಯಿಗಿಟ್ಟುಕೊಂಡು ಚೀಪಿ ಮತ್ತೆ ಸೂಜಿ ಹಿಡಿದಳು. ಆ ದಿನ, ಮರುದಿನ, ಶಾಲೆ ಶುರುವಾದ ಮೇಲೂ ಸಂಜೆ ಸಂಜೆ ಬಂದು ಪಕ್ಕದಲ್ಲಿ ಕೂತಳು. "ನೀನು ಮುಚ್ಚೋದು ಹೇಗೆ ತೋರ್ಸು" ಎಂದು ದುಂಬಾಲು ಬಿದ್ದಳು. ಚೆಂಡಕ್ಕ ತೋರಿಸಿದಳು. ಎಲ್ಲವನ್ನೂ ಅಲ್ಲ. ಗಂಟನ್ನು ಒಳಗೆ ಎಳೆಯುವಾಗ ಎಡಗೈ ಹೆಬ್ಬೆರಳಿನಿಂದ ಅಂಚನ್ನು ಒತ್ತಿ ಹಿಡಿಯಬೇಕು, ಅದೊಂದನ್ನು ಹೇಳದೆ ಉಳಿಸಿಕೊಂಡಳು. ಹುಡುಗಿ ಅದನ್ನು ತಾನೇ ಕಂಡುಕೊಂಡಳು.

ಮುಂದಿನ ಸಲ ಮೂಟೆ ಒಯ್ಯಲು ಬಂದ ಮೇಸ್ತ್ರಿ ಒಂದು ಚೆಂಡಿನ ಮೇಲೆ ಹೆಬ್ಬೆರಳು ಆಡಿಸಿದ. ಮತ್ತೆ ಆಡಿಸಿದ. "ಚೆಂಡಕ್ಕ, ಸುಳ್ಳು ಹೇಳಲ್ಲ. ಇಷ್ಟು ವರ್ಷದಲ್ಲಿ ನೀವು ಇಂಥದ್ದನ್ನ ಕೊಟ್ಟಿರ್ಲಿಲ್ಲ. ದಿನೇ ದಿನೇ ಕೈ ಎಳೇದಾಗ್ತಿದೆ ನೋಡಿ ನಿಮ್ದು!"

"ಅದು ನಾನು ಹೊಲಿದಿದ್ದು!" ಎಂದು ಚೂಟಿ ಒಳಗಿನಿಂದ ಹಾರಿ ಬಂದಳು.

ಚೆಂಡಕ್ಕನ ಮುಖಕ್ಕೆ ಯಾರೋ ಹೊಡೆದಂತಾಯಿತು. ಶಾಲೆ ಅವಳಿಗೆ, ನಿದ್ದೆ ಅವಳಿಗೆ, ನಗು ಅವಳಿಗೆ. ಉಳಿದಿದ್ದ ಒಂದೇ ಒಂದು ಹೊಗಳಿಕೆ, ಅದೂ ಅವಳಿಗೆ! ಮೇಸ್ತ್ರಿ ಹುಡುಗಿಯ ಬೆನ್ನು ತಟ್ಟುತ್ತಿದ್ದ. ಒಳಗೆ ಒಳ್ಳೆ ಕೆಂಡದ ಹಾಗೆ ಉರಿಯುತ್ತಿದ್ದರೂ ಚೆಂಡಕ್ಕ ಹಲ್ಲು ಕಿರಿದು ನಿಂತಳು.

"ಕಂಪನಿ ಯಜಮಾನರು ಪಂದ್ಯದ ಚೆಂಡಿಗೆ ಒಳ್ಳೇ ಕೈ ಹುಡುಕ್ತಿದಾರೆ. ಒಂದು ಚೆಂಡು ಪೂರ್ತಿ ಇವಳ ಕೈಲೇ ಮಾಡ್ಸಿ ಕೊಡಿ, ತೋರಿಸ್ತೀನಿ. ಒಪ್ಪಿದ್ರೆ ಹುಡುಗಿ ಬೆಳಿಗ್ಗೆಯಿಂದ್ಲೇ ಕೂರಬೇಕಾಗುತ್ತೆ, ಶಾಲೆ ಗೀಲೆ ಆಮೇಲೆ ನೋಡ್ಕೊಳ್ಳೋಣ" ಎಂದ ಮೇಸ್ತ್ರಿ.

"ಯಾರಾದ್ರೂ ಬಂದು ಹಿಡಿದ್ರೆ?"

ಮೇಸ್ತ್ರಿ ಜೋರಾಗಿ ನಕ್ಕ. "ಪಕ್ಕದ ಮನೆ ಹುಡುಗೀನ ಕೂರಿಸಿದ್ರೆ ನನಗೆ ಬೇಡಿ ಹಾಕ್ತಾರೆ. ನಿಮ್ಮ ಮಗಳನ್ನ ನೀವು ಕೂರಿಸಿದ್ರೆ, ಎಷ್ಟು ಚೆನ್ನಾಗಿ ಬೆಳೆಸಿದಾರೆ ಅಂತಾರೆ. ಯಾರೂ ಬರಲ್ಲ ಚೆಂಡಕ್ಕ."

ಗಂಡನನ್ನು ಕೇಳಿದಳು. ಅವನು ಗೋದಾಮಿನ ರಾತ್ರಿ ಕಾವಲುಗಾರ. ಹಗಲೆಲ್ಲ ಅವನದು ನಿದ್ದೆ, ಅಭಿಪ್ರಾಯಗಳೆಲ್ಲ ಆಕಳಿಕೆಯ ನಡುವೆ ಬರುತ್ತಿದ್ದವು. "ನೀನೂ ಅವಳೂ ಏನಾದ್ರೂ ಮಾಡ್ಕೊಳಿ" ಎಂದು ಮಗ್ಗುಲು ಬದಲಿಸಿದ.

ಚೂಟಿ ಆ ಚೆಂಡನ್ನು ನಾಲಿಗೆ ಕಚ್ಚಿಕೊಂಡು, ಒಂದೊಂದು ಹೊಲಿಗೆಯನ್ನೂ ಎರಡೆರಡು ಸಲ ನೋಡಿ ಮುಗಿಸಿದಳು. ಮುಗಿಸಿ, ತಾಯಿಯ ಮುಂದೆ ಹಿಡಿದು, "ಹೇಗಿದೆ ಅಮ್ಮ?" ಎಂದಳು. ಚೆಂಡಕ್ಕ ಹೆಬ್ಬೆರಳು ಆಡಿಸಿದಳು. ಮುಚ್ಚಿದ ಜಾಗ ಸಿಗಲಿಲ್ಲ. "ಪರವಾಗಿಲ್ಲ" ಎಂದಳು.

ಹುಡುಗಿ ಶಾಲೆಗೆ ಹೋದ ಮೇಲೆ ಮನೆಯಲ್ಲಿ ಗಂಡನ ಗೊರಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಚೆಂಡಕ್ಕ ತೆಳ್ಳನೆಯ ಸೂಜಿಯೊಂದನ್ನು ತೆಗೆದುಕೊಂಡು, ಎರಡು ತುಂಡು ಕೂಡುವ ಸಂದಿನಲ್ಲಿ ಇಟ್ಟು, ಒಳಗಿನ ರಬ್ಬರಿಗೆ ತಾಗುವಷ್ಟು ತಳ್ಳಿ ತೆಗೆದಳು. ಹೊರಗೆ ಏನೂ ಕಾಣಲಿಲ್ಲ. ಮಗಳ ಶಾಲೆ ತಪ್ಪದಿರಲಿ ಎಂದು ಚುಚ್ಚಿದಳೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಶಾಲೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಇದ್ದದ್ದು ಮೇಸ್ತ್ರಿಯ ಬಾಯಿಂದ ಬಂದ ಆ ಮಾತು ಮಾತ್ರ: ಇಷ್ಟು ವರ್ಷದಲ್ಲಿ ನೀವು ಇಂಥದ್ದನ್ನ ಕೊಟ್ಟಿರ್ಲಿಲ್ಲ.

ಚೆಂಡು ಯಜಮಾನರ ಮೇಜಿನ ಮೇಲೆ ಮೊದಲ ದಿನ ಗಟ್ಟಿಯಾಗಿಯೇ ಇತ್ತಂತೆ. ಯಜಮಾನರು ಹೊರಗಿನಿಂದ ಬಂದ ಗಿರಾಕಿಗಳಿಗೆ ತೋರಿಸಲು ಕೈಗೆತ್ತಿಕೊಂಡಾಗ ಮೆತ್ತಗಾಗಿ ಹೆಬ್ಬೆರಳು ಒಳಗೆ ಇಳಿದುಹೋಯಿತಂತೆ. ಮೇಸ್ತ್ರಿ ಹಾರಾಡುತ್ತ ಬಂದ. ಚೆಂಡನ್ನು ಚೂಟಿಯ ಮುಂದೆ ಎಸೆದು, "ಸೂಜಿ ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಿಲ್ಲ, ಹೊಗಳಿಸ್ಕೊಳ್ಳೋಕೆ ಮಾತ್ರ ಹಾರಿ ಬರ್ತೀಯಾ! ನಿಮ್ಮಮ್ಮನ ಕಾಲ ಧೂಳಿಗೂ ಸಮ ಇಲ್ಲ ನೀನು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ಎಷ್ಟು ವರ್ಷಗಳಿಂದ ಕಾದಿದ್ದ ಮಾತು! ಚೆಂಡಕ್ಕನಿಗೆ ತಣ್ಣಗಾಯಿತು, ಸುಳ್ಳೇಕೆ ಹೇಳಬೇಕು.

ಮೇಸ್ತ್ರಿ ಹೋದ ಮೇಲೆ ಚೂಟಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ನಾನಿನ್ನು ಶಾಲೆಗೆ ಹೋಗಲ್ಲ" ಎಂದಳು. "ನಿನ್ನ ಹಾಗೆ ಮುಚ್ಚೋದು ಬರೋವರೆಗೂ ಹೋಗಲ್ಲ."

ಮೊದಲೆರಡು ದಿನ ಚೆಂಡಕ್ಕ ಅದನ್ನು ತಡೆಯಲಿಲ್ಲ. ತಡೆಯಬೇಕೆನಿಸಲೂ ಇಲ್ಲ. ಮಗಳು ಈಗ ಅವಳ ಕಾಲ ಬುಡದಲ್ಲಿ ಕೂತು ಪ್ರತಿಯೊಂದನ್ನೂ ಕೇಳಿ ಕೇಳಿ ಮಾಡುತ್ತಿದ್ದಳು. ಅಮ್ಮ ಹೇಳಿದ್ದೇ ಸರಿ, ಅಮ್ಮನ ಕೈಯೇ ಕೈ. ಯಾವ ಟೀಚರಿಗೂ ಇಲ್ಲದ ಮರ್ಯಾದೆ ತನಗೆ ಸಿಕ್ಕಿದೆ ಎಂದು ಅವಳು ಬೀಗಿದಳು.

ಮೂರನೆಯ ಬೆಳಿಗ್ಗೆ ಚೂಟಿಯ ಗೆಳತಿ ಬ್ಯಾಗು ಹೊತ್ತು ಬಾಗಿಲಿಗೆ ಬಂದಳು. "ಬರಲ್ವೇನೇ? ಇವತ್ತು ನಾಟಕದ ಪಾತ್ರ ಹಂಚ್ತಾರೆ. ನಿನ್ನ ಹೆಸರೂ ಇದೆ!"

"ಇಲ್ಲ ಕಣೇ, ನೀನು ಹೋಗು" ಎಂದಳು ಚೂಟಿ. ತಲೆ ಎತ್ತಲಿಲ್ಲ. ಮಾತಾಡುತ್ತಲೇ ಎರಡೂ ಕೈ ಚಾಚಿ ದಾರ ಬಿಗಿದಳು.

ತಲೆ ಎತ್ತದೆ ಮಾತಾಡುವುದು ಚೆಂಡಕ್ಕನಿಗೆ ಚೆನ್ನಾಗಿ ಗೊತ್ತು. ಎತ್ತಿದರೆ ಹೊಲಿಗೆ ತಪ್ಪುತ್ತದೆ, ಹೊರಗೆ ಹೋಗುವವರು ಕಾಣುತ್ತಾರೆ, ಆಮೇಲೆ ಕೈ ಓಡುವುದಿಲ್ಲ. ಅದನ್ನು ಯಾರೂ ಕಲಿಸುವುದಿಲ್ಲ, ಕೂತವರಿಗೆ ತಾನಾಗಿ ಬರುತ್ತದೆ. ಇವಳಿಗೆ ಇಷ್ಟು ಬೇಗ ಬಂದುಬಿಟ್ಟಿತೇ! ಹೊಟ್ಟೆಕಿಚ್ಚು ಪಡಲಿಕ್ಕೆ ಎದುರಿಗೆ ಇನ್ನು ಯಾರೂ ಉಳಿದಿರಲಿಲ್ಲ. ಅಲ್ಲಿ ಕೂತಿದ್ದದ್ದು ಚಿಕ್ಕಂದಿನ ಚೆಂಡಕ್ಕನೇ.

"ಎದ್ದೇಳೇ, ಶಾಲೆಗೆ ಹೋಗು."

"ಹೋಗಲ್ಲ."

"ಪೊಲೀಸ್‌ನೋರು ಬಂದು ಹಿಡ್ಕೊಂಡು ಹೋಗ್ತಾರೆ ನೋಡು!"

"ಯಾರೂ ಬರಲ್ಲ. ಮೇಸ್ತ್ರಿ ಮಾಮ ಹೇಳಿದಾರೆ" ಎಂದಳು ಹುಡುಗಿ. ಚೆಂಡಕ್ಕ ಗದರಿದಳು, ಗೋಗರೆದಳು, ಇಕ್ಕಳ ಕಿತ್ತು ಅಟ್ಟದ ಮೇಲೆ ಎಸೆದಳು. ಹುಡುಗಿ ಸ್ಟೂಲು ಹಾಕಿಕೊಂಡು ಹತ್ತಿ ತಂದಳು. ಹಟ ಯಾರಿಂದ ಬಂದದ್ದು ಎಂದು ಕೇಳುವ ಅಗತ್ಯವಿರಲಿಲ್ಲ.

ಚೆಂಡಕ್ಕ ಮುಖ ತೊಳೆದುಕೊಂಡು ಕಾರ್ಮಿಕ ಇಲಾಖೆಯ ಆಫೀಸಿಗೆ ಹೋದಳು. ಅಲ್ಲಿನ ಗೋಡೆಯ ಮೇಲೆ ಬ್ಯಾಗು ಹೊತ್ತು ನಗುವ ಹುಡುಗಿಯ ಚಿತ್ರವಿದ್ದ ದೊಡ್ಡ ಬೋರ್ಡಿತ್ತು, ಕೆಳಗೆ ಏನೋ ಬರೆದಿತ್ತು. ಆ ಚಿತ್ರದ ಹುಡುಗಿಯನ್ನು ಕಂಡೂ ಅವಳಿಗೆ ಹೊಟ್ಟೆಕಿಚ್ಚಾಯಿತು. ಅಧಿಕಾರಿ ಹೆಂಗಸು, ಸುಸ್ತಾದ ಮುಖ, ಕೆಟ್ಟವಳಲ್ಲ. ಕೂರಿಸಿ ಕೇಳಿದಳು.

"ಮೇಡಂ, ಒಂದು ಮನೇಲಿ ಹನ್ನೊಂದು ವರ್ಷದ ಹುಡುಗಿ ಚೆಂಡು ಹೊಲೀತಿದಾಳೆ. ನೀವು ಬಂದು ಹಿಡೀಬೇಕು."

"ಯಾರ ಮನೆ?"

"ನಮ್ದೇ."

ಅಧಿಕಾರಿ ಪೆನ್ನು ಕೆಳಗಿಟ್ಟಳು. "ಅಂದ್ರೆ, ನಿಮ್ಮ ಮಗಳಾ? ನಿಮ್ಮ ಮೇಲೆ ನೀವೇ ದೂರು ಕೊಡ್ತಿದೀರಾ?"

"ಹೌದು. ಕೇಸು ಹಾಕಿ. ಒಂದು ಜೀಪು ನಮ್ಮ ಬಾಗಿಲಿಗೆ ಬಂದ್ರೆ ಸಾಕು ಮೇಡಂ, ಅವಳು ಎದ್ದು ಓಡ್ತಾಳೆ. ನಾನು ಹೇಳಿದ್ರೆ ಕೇಳಲ್ಲ."

"ಬೇರೆಯವರ ಮಗು ಆಗಿದ್ರೆ ಇವತ್ತೇ ಬರ್ತಿದ್ದೆ ಅಮ್ಮ. ಸ್ವಂತ ಮನೇಲಿ, ತಂದೆತಾಯಿ ಜೊತೆ ಮಾಡಿದ್ರೆ ಅದನ್ನ ಕೆಲಸ ಅನ್ನಲ್ಲ ನಮ್ಮ ಕಾನೂನು. ಸಹಾಯ ಅನ್ನುತ್ತೆ. ಶಾಲೆ ತಪ್ಪಿಸಿದ್ರೆ ಅದು ಬೇರೆ ಇಲಾಖೆ. ಅವರು ನೋಟಿಸ್ ಕೊಡ್ತಾರೆ, ನಿಧಾನವಾಗಿ. ನನ್ನ ಕೈ ಕಟ್ಟಿದೆ." ಪೆನ್ನಿಗೆ ಮುಚ್ಚಳ ಹಾಕಿ, "ನೀವು ತಾಯಿ. ತಾಯಿಗಿಂತ ಚೆನ್ನಾಗಿ ಮಗೂನ ಯಾರು ನೋಡ್ಕೋತಾರೆ ಹೇಳಿ?" ಎಂದಳು.

ಚೆಂಡಕ್ಕ ಎದ್ದು ನಿಂತಳು. ಅವಳ ದನಿ ಆಫೀಸಿನ ಕೊನೆಯ ಮೇಜಿನವರೆಗೂ ಹೋಯಿತು. "ತಾಯಿ ಅಂತ ನನ್ನ ಕೈಗೆ ಬಿಟ್ಬಿಟ್ರಾ? ನಾನು ಎಂಥೋಳು ಅಂತ ನಿಮಗೇನು ಗೊತ್ತು? ನಮ್ಮಪ್ಪನೂ ಅಪ್ಪನೇ ಆಗಿದ್ದ ಮೇಡಂ. ಶೆಡ್ಡಿಗೆ ಬೀಗ ಹಾಕಿದಿರಿ, ಅಷ್ಟೇ. ಆವತ್ತು ನಮ್ಮನೆ ಬಾಗಿಲೂ ತಟ್ಟಿದ್ದಿದ್ರೆ ನಾನೂ ಇವತ್ತು ಈ ಬೋರ್ಡು ಓದ್ತಿದ್ದೆ!"

ಅಧಿಕಾರಿ ಜವಾನನಿಗೆ ಸನ್ನೆ ಮಾಡಿದಳು. ಅವನು ಒಂದು ಲೋಟ ನೀರು ತಂದಿಟ್ಟ.

ಅವಳು ಮನೆಗೆ ಬಂದಾಗ ಚೂಟಿ ಒಂದು ಚೆಂಡನ್ನು ಮುಚ್ಚುತ್ತಿದ್ದಳು. ಅಪ್ಪ ಎದ್ದು ಚಹಾ ಕುಡಿಯುತ್ತಿದ್ದ. ಚೆಂಡಕ್ಕ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ಜೀಪು ಬರುವುದಿಲ್ಲ ಎಂದು ಈಗ ಖಚಿತವಾಗಿತ್ತು. ಮಗಳನ್ನು ಎಬ್ಬಿಸಬಲ್ಲ ಒಂದೇ ಒಂದು ಮಾತು ಉಳಿದಿತ್ತು. ಸರ್ಕಾರ ಒಂದು ಸಾಲು ಬರೆದು ಮಾಡಿಬಿಡಬಹುದಾಗಿದ್ದ ಕೆಲಸವನ್ನು ಅವಳು ತನ್ನ ಮರ್ಯಾದೆ ಕೊಟ್ಟು ಮಾಡಬೇಕಾಗಿತ್ತು.

"ಆ ಚೆಂಡು ಕೆಟ್ಟಿದ್ದು ನಿನ್ನಿಂದ ಅಲ್ಲ" ಎಂದಳು. "ನೀನು ಮುಚ್ಚಿದ್ದು ಸರಿಯಾಗೇ ಇತ್ತು. ನನ್ನದಕ್ಕಿಂತ ಚೆನ್ನಾಗಿತ್ತು. ಸೂಜಿ ಚುಚ್ಚಿದ್ದು ನಾನು."

ಚೂಟಿ ತಲೆ ಎತ್ತಿದಳು. "ಯಾಕಮ್ಮ?"

"ಹೊಟ್ಟೆಕಿಚ್ಚು ಕಣೇ."

"ಯಾರ ಮೇಲೆ?"

"ನಿನ್ನ ಮೇಲೆ."

ಅಪ್ಪನ ಚಹಾದ ಲೋಟ ಬಾಯಿಯ ಹತ್ತಿರವೇ ನಿಂತಿತು. ಹುಡುಗಿ ತಾಯಿಯನ್ನು ನೋಡಿದಳು, ಯಾರೋ ಹೊಸಬರನ್ನು ನೋಡುವ ಹಾಗೆ. ಕೂಗಾಡಲಿಲ್ಲ, ಅಳಲೂ ಇಲ್ಲ. ಅರ್ಧ ಮುಚ್ಚಿದ ಚೆಂಡನ್ನು ನೆಲಕ್ಕೆ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಊಟಕ್ಕೆ ಕರೆದರೂ ಏಳಲಿಲ್ಲ.

ಬೆಳಿಗ್ಗೆ ಅವಳು ತಾನೇ ಜಡೆ ಹಾಕಿಕೊಂಡಳು, ಒಂದು ಮೇಲೆ ಒಂದು ಕೆಳಗೆ. ಬ್ಯಾಗು ಹೊತ್ತಳು. ತಾಯಿ ಕೊಟ್ಟ ಡಬ್ಬಿಯನ್ನು ಮುಟ್ಟಲಿಲ್ಲ. ಹೊಸ್ತಿಲು ದಾಟಿ, ಬಾಗಿಲನ್ನು ಧಡಾರನೆ ಎಳೆದುಕೊಂಡು, ತಿರುಗಿ ನೋಡದೆ ದಪದಪ ಹೆಜ್ಜೆ ಹಾಕುತ್ತ ಶಾಲೆಯ ದಾರಿ ಹಿಡಿದಳು.

ಚೆಂಡಕ್ಕ ಕಿಟಕಿಯಲ್ಲಿ ನಿಂತು, ಆ ಸಿಟ್ಟಿನ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಎಂದಾದರೂ ಮಗಳು ಮತ್ತೆ ಮಾತಾಡಿಸುತ್ತಾಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಆದರೂ, ಆಗಲೂ ಕೂಡ, ಅವಳ ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು ಹೊತ್ತಿಕೊಂಡಿತು. ಚಿಕ್ಕಂದಿನಲ್ಲಿ ತನ್ನ ಅಪ್ಪನ ಮೇಲೆ ಅವಳಿಗೂ ಇಂಥದ್ದೇ ಸಿಟ್ಟು ಬಂದಿತ್ತು. ಎದ್ದು ಹೋಗೋಣವೆಂದರೆ ಅವಳಿಗೆ ಹೋಗಲು ಜಾಗವಿರಲಿಲ್ಲ.